ಅಂಚೆಚೀಟಿಗೆ ಜಾಗ ಬಿಡಿ ಸಾರ್

ಕಾರ್ಡಿನ ಮೇಲೆ ಏನಿರಬೇಕು ಅನ್ನುವುದು ಗಿರಾಕಿಗೆ ಹೊಳೆಯುವುದೇ ಅದು ಅಚ್ಚಾಗಿ ಕೈಗೆ ಬಂದ ಮೇಲೆ. ಅಲ್ಲಿಯವರೆಗೆ ಎಲ್ಲರದ್ದೂ ಒಂದೇ ಮಾತು: "ನೀವೇ ಏನಾದ್ರೂ ಚೆನ್ನಾಗಿ ಮಾಡ್ಬುಡಿ ಮೇಡಂ." ಹಾಗೆ ಮಾಡಿಬಿಟ್ಟ ದಿನವೇ ಏನಾದರೊಂದು ಆಗುತ್ತಿತ್ತು.

ತೊಂಬತ್ತರ ದಶಕದಲ್ಲಿ ನಂಜನಗೂಡಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಮದುವೆಯಾದ ಮೇಲೆ ಕಂಪ್ಯೂಟರನ್ನೂ ಕಟ್ಟಿಕೊಂಡು ಟಿ. ನರಸೀಪುರಕ್ಕೆ ಹೋದೆ. ಅಂಗಡಿ ಉದ್ಘಾಟನೆ, ಎಲೆಕ್ಷನ್ನು, ಸಂಘದ ಸಭೆ, ಯಾವುದಕ್ಕೇ ಆಗಲಿ ಪೋಸ್ಟ್ ಕಾರ್ಡ್ ಸೈಜಿನ ಬಣ್ಣದ ಕಾರ್ಡು ಬೇಕೆಂದರೆ ನಮ್ಮಲ್ಲಿಗೆ ಬರುತ್ತಿದ್ದರು. ಕಾರ್ಡನ್ನು ಕಂಪ್ಯೂಟರಿನಲ್ಲಿ ಸಿದ್ಧಮಾಡಿ, ಫ್ಲಾಪಿಗೆ ತುಂಬಿ, ಮೈಸೂರಿನ ಆಫ್‌ಸೆಟ್ ಪ್ರೆಸ್ಸಿಗೆ ಮುಟ್ಟಿಸುವುದು ನನ್ನ ಕೆಲಸ.

ದೊಡ್ಡ ಇಂಗ್ಲಿಷು

ನಂಜನಗೂಡಿನ ಜವಳಿ ಅಂಗಡಿಯ ಯಜಮಾನರು ಹೊಸ ಮಳಿಗೆ ತೆರೆಯುವವರಿದ್ದರು. ಕಾರ್ಡನ್ನು ಅಚ್ಚ ಕನ್ನಡದಲ್ಲಿ ಕಂಪೋಸ್ ಮಾಡಿ ಫ್ಲಾಪಿ ಕಳಿಸಿದೆ. ನಾನು ಬಳಸಿದ ಕನ್ನಡ ಫಾಂಟು ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಇರಲಿಲ್ಲ. ಫಾಂಟಿಲ್ಲದಿದ್ದರೆ ಆ ಕಾಲದಲ್ಲಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಮೇಲೊಂದು ಕೊಂಬು, ಕೆಳಗೊಂದು ಬಾಲ. ಪ್ರೆಸ್ಸಿನವರು ನನ್ನನ್ನು ಒಂದು ಮಾತು ಕೇಳದೆ ಅದರದ್ದೇ ಪ್ರೂಫ್ ತೆಗೆದು, ಬಸ್ ಕಂಡಕ್ಟರ್ ಕೈಲಿ ನೇರ ಯಜಮಾನರಿಗೇ ಕಳಿಸಿಬಿಟ್ಟರು.

ಸುದ್ದಿ ತಿಳಿಯಿತು. ಓಡಿದೆ. ಯಜಮಾನರು ಗಲ್ಲಾ ಮುಂದೆ ಕನ್ನಡಕ ಏರಿಸಿಕೊಂಡು ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಿದ್ದರು.

"ಇಂಗ್ಲಿಷ್ನಲ್ಲೇ ಮಾಡ್ಸಿದ್ದೀರಿ, ಹೇಳ್ಲೇ ಇಲ್ವಲ್ಲ ಮೇಡಂ! ಬೋ ಚೆನ್ನಾಗದೆ. ಇದ್ನೇ ಹೊಡ್ಸಿ."

"ಇದು ಇಂಗ್ಲಿಷಲ್ಲ ಯಜಮಾನ್ರೇ. ಕನ್ನಡಾನೇ ಕೆಟ್ಟು ಹಿಂಗಾಗಿದೆ."

"ಏ, ಕೆಟ್ಟಿಲ್ಲ ಬುಡಿ. ನಮ್ಮ ಅಳಿಯಂದ್ರ ಕೈಲಿ ಓದಿಸ್ದೆ. ಬಿ.ಎ. ಮಾಡವ್ರೆ."

"ಅವ್ರೇನಂದ್ರು?"

"ಸುಮಾರು ಹೊತ್ತು ನೋಡಿ, 'ದೊಡ್ಡ ಇಂಗ್ಲಿಷು ಮಾವ, ನಮ್ಮ ಕಾಲೇಜಲ್ಲಿ ಇಷ್ಟುದ್ದ ಹೇಳ್ಕೊಟ್ಟಿರ್ಲಿಲ್ಲ' ಅಂದ್ರು."

ಬದು

ಬನ್ನೂರಿನ ಕಡೆಯಿಂದ ಆಲೆಮನೆಯವರೊಬ್ಬರು ಬಂದರು. ಬೆಲ್ಲದ ವ್ಯಾಪಾರಿಗಳಿಗೆಲ್ಲ ಕಾರ್ಡು ಕಳಿಸಬೇಕಂತೆ, ಕಾರ್ಡು ಪೂರ್ತಿ ಕಬ್ಬಿನ ಹಸಿರು ಇರಬೇಕಂತೆ. ಹಸಿರನ್ನು ಕಾರ್ಡಿನ ಅಳತೆಗಿಂತ ಸುತ್ತಲೂ ಒಂಚೂರು ಆಚೆಗೇ ಹರಡುತ್ತಿದ್ದೆ. ಇಲ್ಲದಿದ್ದರೆ ಕತ್ತರಿಸುವಾಗ ಒಂದು ಕೂದಲೆಳೆ ಆಚೀಚೆ ಆದರೂ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಅವರು ಪಕ್ಕದಲ್ಲಿ ಕೂತು ನೋಡುತ್ತಿದ್ದವರು ಕೇಳಿದರು:

"ಕಾರ್ಡಿಂದಾಚಿಕೂ ಯಾಕವ್ವ ಬಣ್ಣ ಬಳೀತೀಯೆ?"

"ಅದನ್ನ ಆಮೇಲೆ ಕತ್ತರಿಸ್ತಾರೆ ಗೌಡ್ರೇ."

"ಕತ್ತರ್ಸಾದುಕ್ಕೆ ಬಳಿಯಾದ್ಯಾಕೆ?"

ಬಗೆಬಗೆಯಾಗಿ ಹೇಳಿದೆ, ತಲೆಗೆ ಹೋಗಲಿಲ್ಲ. ಕೊನೆಗೆ, "ಗದ್ದೆ ಸುತ್ತ ಬದು ಬಿಡಲ್ವಾ, ಹಂಗೆ" ಅಂದೆ. ಮುಖ ಅರಳಿತು. "ಹಂಗನ್ನು ಮತ್ತೆ!" ಅಂತ ಎದ್ದು ಹೋದರು.

ಕಾರ್ಡುಗಳು ಬಂದ ದಿನ ಒಂದನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, "ನನ್ ಬದು ಎಲ್ಲವ್ವ?" ಅಂದರು.

"ಪ್ರೆಸ್ಸಿನವ್ರು ಕತ್ತರಿಸಿದ್ರಲ್ಲ."

"ಅವ್ರ್ಯಾರು ನನ್ ಬದು ಕಡಿಯಾಕೆ?"

ಅವತ್ತೇ ಮೈಸೂರು ಬಸ್ಸು ಹತ್ತಿದರು. ಸಂಜೆ ತಿರುಗಿ ಬಂದಾಗ ಹೆಗಲ ಮೇಲೊಂದು ಗೊಬ್ಬರದ ಚೀಲ, ಅದರ ತುಂಬ ಹಸಿರು ಕಾಗದದ ಎಳೆಗಳು. "ಇದನ್ನಿಟ್ಕೊಂಡು ಏನ್ ಮಾಡ್ತೀರಿ ಗೌಡ್ರೇ?" ಅಂತ ಕೇಳಿದೆ.

"ಏನೂ ಇಲ್ಲ ಕಣವ್ವ. ಪಕ್ಕದೋನು ಒತ್ತರಿಸ್ಕಳ್ದಿದ್ರೆ ಸಾಕು."

ಮೀಸೆ

ಟಿ. ನರಸೀಪುರಕ್ಕೆ ಬಂದ ಮೇಲೆ ಒಂದು ಸೊಸೈಟಿ ಎಲೆಕ್ಷನ್ನು. ಉಮೇದುವಾರರೊಬ್ಬರು ತಮ್ಮ ಫೋಟೋ ಹಿಡಿದು ಬಂದರು. ಅದನ್ನು ವಿಳಾಸ ಬರೆಯುವ ಮಗ್ಗುಲಲ್ಲಿ, ಬಲಗಡೆ ಮೇಲಿನ ಮೂಲೆಯಲ್ಲಿ ಹಾಕಬೇಕು ಅಂದರು.

"ಅಲ್ಲಿ ಅಂಚೆಚೀಟಿಗೆ ಜಾಗ ಬಿಡ್ಬೇಕು ಸಾರ್."

"ಸ್ಟ್ಯಾಂಪ್ ಎಲ್ಲಾರ ಅಂಟುಸ್ಕಳ್ಳಿ. ಕಾರ್ಡ್ ಕೈಗೆತ್ಕಂಡ್ ತಕ್ಷಣ ಕಾಣಾದು ಅದೇ ಮೂಲೆ. ನನ್ ಮೊಕ ಅಲ್ಲೇ ಇರ್ಬೇಕು."

ಹಾಗೇ ಮಾಡಿಕೊಟ್ಟೆ. ಅಂಚೆಚೀಟಿ ಅಂಟಿಸುವ ಕೆಲಸವನ್ನು ಅವರ ಕಡೆಯವರು ವಹಿಸಿಕೊಂಡರು. ಹುಟ್ಟಿದಾಗಿನಿಂದ ಬಲಮೂಲೆಗೇ ಅಂಟಿಸಿ ರೂಢಿಯಾದ ಕೈಗಳು. ಒಂದು ಕಾರ್ಡೂ ತಪ್ಪದ ಹಾಗೆ ಅಲ್ಲೇ ಅಂಟಿಸಿದವು. ಅಂಚೆಯವರು ಅದರ ಮೇಲೆ ಮುದ್ರೆ ಬೇರೆ ಗುದ್ದಿದರು.

ಮಾರನೇ ದಿನ ಉಮೇದುವಾರರು ಪಕ್ಕದ ಮನೆಗೆ ಬಂದ ಕಾರ್ಡನ್ನು ಕಿತ್ತುಕೊಂಡು ಓಡಿಬಂದರು. "ನೋಡಿ ಮೇಡಂ, ಮೂಗಿಂದ ಮ್ಯಾಕೆ ನಾನೇ ಇಲ್ಲ! ಬರೀ ಮೀಸೆ ಉಳ್ದದೆ." ಕಣ್ಣಲ್ಲಿ ನೀರಿತ್ತು. ಎಂಟು ವರ್ಷದಿಂದ ಕಾದಿದ್ದ ಎಲೆಕ್ಷನ್ನಂತೆ. ನನಗೂ ಕೆಡುಕೆನಿಸಿತು.

ಗೆದ್ದುಬಿಟ್ಟರು! ಹೆಂಡತಿಯ ಜೊತೆ ಮೈಸೂರುಪಾಕು ಹಿಡಿದು ಬಂದರು. "ಬರೀ ಮೀಸೇಲೇ ಗೆದ್ದೆ ನೋಡಿ ಮೇಡಂ. ಪೂರ್ತಿ ಮೊಕ ಕಂಡಿದ್ರೆ ಇನ್ನೆಷ್ಟ್ ಓಟ್ ಬೀಳ್ತಿತ್ತೋ!"

ಅವರ ಹೆಂಡತಿ ಡಬ್ಬಿ ನನ್ನ ಕೈಗಿಡುತ್ತಾ ಮೆಲ್ಲಗೆ ಅಂದರು: "ಕಂಡಿದ್ರೆ ಡಿಪಾಜಿಟ್ಟೂ ಉಳೀತಿರ್ಲಿಲ್ಲ ಕಣಕ್ಕ."

ಸಭಾಧ್ಯಕ್ಷರು

ಊರಿನ ನಿವೃತ್ತ ನೌಕರರ ಸಂಘದ ವಾರ್ಷಿಕೋತ್ಸವ. ಅಧ್ಯಕ್ಷತೆ ನನಗೇ ಬೇಕು ಅಂತ ಇಬ್ಬರು ಹಟ ಹಿಡಿದಿದ್ದರು. ಒಬ್ಬರು ನಿವೃತ್ತ ಹೆಡ್‌ಮಾಸ್ಟರು, ಇನ್ನೊಬ್ಬರು ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರು. ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ನಡುವೆ ಸಿಕ್ಕಿಕೊಂಡವರು ಕಾರ್ಯದರ್ಶಿ, ಬಿ.ಪಿ. ಮಾತ್ರೆ ನುಂಗುವ ಸಾಧು ಮನುಷ್ಯ.

ಅವರು ಕಾರ್ಡಿಗೆ ಬರೆದುಕೊಟ್ಟ ಒಕ್ಕಣೆಯಲ್ಲಿ ಒಂದು ಸಾಲು ಹೀಗಿತ್ತು: "ಅಧ್ಯಕ್ಷತೆ: ಶ್ರೀ ಹೆಸರು ಆಮೇಲೆ ಹೇಳುತ್ತೇನೆ." ಜಾಗ ಹಿಡಿದಿರಲೆಂದು ಅದನ್ನೇ ಟೈಪ್ ಮಾಡಿ ಪ್ರೂಫ್ ಕೊಟ್ಟೆ. "ಇಲ್ಲಿ ಹೆಸರು ಬರ್ಬೇಕು ಸಾರ್, ಮರೀಬೇಡಿ" ಅಂದೆ. "ನಾಳೆ ಹೇಳ್ತೀನಮ್ಮ" ಅಂದವರು ನಾಳೆಯೂ ಹೇಳಲಿಲ್ಲ, ನಾಡಿದ್ದೂ ಹೇಳಲಿಲ್ಲ. ದಸರಾ ರಜೆಗೆ ಪ್ರೆಸ್ಸು ಮುಚ್ಚುತ್ತದೆಂದು ತಿಳಿದು ಗಾಬರಿಬಿದ್ದು, ನಾನು ಊಟಕ್ಕೆ ಹೋದಾಗ ಮೇಜಿನ ಮೇಲೆ ಕಾರ್ಡು ತುಂಬಿಟ್ಟಿದ್ದ ಸಿ.ಡಿ. (ಫ್ಲಾಪಿ ಕಾಲ ಆಗಲೇ ಮುಗಿದಿತ್ತು) ಎತ್ತಿಕೊಂಡು ಹೋಗಿ, ತಾವೇ ಸಹಿ ಹಾಕಿ ಅಚ್ಚು ಹಾಕಿಸಿದರು. ಅಂಚೆಗೂ ಹಾಕಿದರು. ಎಲ್ಲ ಸದಸ್ಯರ ಮನೆಗೂ ಕಾರ್ಡು ತಲುಪಿತು: ಅಧ್ಯಕ್ಷತೆ, ಶ್ರೀ ಹೆಸರು ಆಮೇಲೆ ಹೇಳುತ್ತೇನೆ.

ವಿಚಿತ್ರವೆಂದರೆ ಯಾರೂ ಜಗಳಕ್ಕೆ ಬರಲಿಲ್ಲ. ತಮ್ಮ ಹೆಸರನ್ನು ಗುಟ್ಟಾಗಿಟ್ಟು ವೇದಿಕೆಯ ಮೇಲೆ ಹೇಳುತ್ತಾರೆ ಅಂತ ಹೆಡ್‌ಮಾಸ್ಟರು ತಿಳಿದರು. ಇನ್ಸ್‌ಪೆಕ್ಟರೂ ಹಾಗೇ ತಿಳಿದರು. ಸಭೆಯ ದಿನ ಇಬ್ಬರೂ ಇಸ್ತ್ರಿ ಮಾಡಿದ ಪಂಚೆಯುಟ್ಟು, ಭಾಷಣ ಜೇಬಿನಲ್ಲಿಟ್ಟು, ಮುಂದಿನ ಸಾಲಿನ ಎರಡು ತುದಿಯಲ್ಲಿ ಕೂತಿದ್ದರು. ಕಾರ್ಡು ಮಾಡಿದ ತಪ್ಪಿಗೆ ನಾನೂ ಹಿಂದೆ ಕೂತಿದ್ದೆ.

ನಿರೂಪಣೆಗೆ ಬಂದಾಕೆ ಊರಿಗೆ ಹೊಸಬರಾದ ಟೀಚರ್. ಕಾರ್ಡು ನೋಡಿ ಓದುತ್ತಾ ಬಂದರು. "ಈಗ ಅಧ್ಯಕ್ಷರ ಪೀಠವನ್ನು ಅಲಂಕರಿಸಬೇಕೆಂದು, ಶ್ರೀ..." ಅಂದವರು ತಡವರಿಸಿ, ಪಕ್ಕದಲ್ಲಿದ್ದ ಕಾರ್ಯದರ್ಶಿಯ ಬಾಯಿಗೆ ಮೈಕ್ ಹಿಡಿದು, "ಹೆಸರೇನು ಸಾರ್?" ಅಂದರು.

ಕಾರ್ಯದರ್ಶಿ ಮುಂದಿನ ಸಾಲಿನ ಆ ತುದಿ ನೋಡಿದರು, ಈ ತುದಿ ನೋಡಿದರು, ಬೆವರೊರೆಸಿಕೊಂಡರು. "ಹೆಸ್ರು ಆಮೇಲೆ ಹೇಳ್ತೀನಮ್ಮ."

ಅದೇ ಹೊತ್ತಿಗೆ ಮೈಕು ಕುಯ್ಯೆಂದಿತು. ಸರಿಮಾಡಲು ಮೈಕ್ ಸೆಟ್ಟಿನವನು ವೇದಿಕೆ ಹತ್ತಿದ. ಬಿಳಿ ಅಂಗಿ, ಬಿಳಿ ಪಂಚೆ, ನರೆತ ತಲೆ. ಟೀಚರಿಗೆ ಜೀವ ಬಂದ ಹಾಗಾಯಿತು. "ಬನ್ನಿ ಸಾರ್, ಬನ್ನಿ" ಅಂತ ಕರೆದು ನಡುವಿನ ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿಯೇಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಅವನು ಏಳಲು ನೋಡಿದ. ಕಾರ್ಯದರ್ಶಿ ಭುಜ ಹಿಡಿದು, "ನಿನ್ ದಮ್ಮಯ್ಯ, ಕೂತ್ಕೊಳಪ್ಪ" ಅಂತ ಅದುಮಿದರು.

ನಾನು ಮುಂದಿನ ಸಾಲನ್ನೇ ನೋಡುತ್ತಿದ್ದೆ. ಹೆಡ್‌ಮಾಸ್ಟರು ಇನ್ಸ್‌ಪೆಕ್ಟರ ಕಡೆ ನೋಡಿದರು. ಇನ್ಸ್‌ಪೆಕ್ಟರು ಹೆಡ್‌ಮಾಸ್ಟರ ಕಡೆ ನೋಡಿದರು. ಎದುರಾಳಿಗೂ ಸಿಗಲಿಲ್ಲವಲ್ಲ ಅನ್ನುವ ನೆಮ್ಮದಿ ಇಬ್ಬರ ಮುಖದಲ್ಲೂ ಒಂದೇ ಸಲಕ್ಕೆ ಮೂಡಿತು.

ಕೊನೆಗೆ ಅಧ್ಯಕ್ಷ ಭಾಷಣ. ಮೈಕ್ ಸೆಟ್ಟಿನವನು ಹಾರ ಸರಿಮಾಡಿಕೊಂಡು ಎದ್ದ, ಮೈಕಿನ ತಲೆಗೆ ಎರಡು ಸಲ ಬೆರಳಲ್ಲಿ ಹೊಡೆದ, ಗಂಟಲು ಸರಿಮಾಡಿಕೊಂಡ. "ಹಲೋ, ಹಲೋ. ಮೈಕ್ ಟೆಸ್ಟಿಂಗ್. ಒನ್, ಟೂ, ತ್ರೀ." ಅಂದು ಕೈಮುಗಿದು ಕೂತ.

ಹೆಡ್‌ಮಾಸ್ಟರೂ ಇನ್ಸ್‌ಪೆಕ್ಟರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಘ ಹುಟ್ಟಿದಂದಿನಿಂದ ಅಷ್ಟು ಒಳ್ಳೆಯ ಅಧ್ಯಕ್ಷ ಭಾಷಣ ಕೇಳಿಲ್ಲ ಅಂತ ಊಟದ ಪಂಕ್ತಿಯಲ್ಲಿ ಎಲ್ಲರೂ ಹೇಳಿದರು.