ಹನ್ನೆರಡನೇ ಗುಡ್ಡೆ

ಅನ್ಯಾಯ ಅನ್ನೋ ಪದದ ಅರ್ಥ ಬೇಕಾದರೆ ನೀವು ನಿಘಂಟು ತೆಗೆಯುತ್ತೀರಿ. ನಾನು ಕ್ಯಾತನಹಳ್ಳಿ ಬಸ್ಸು ಹತ್ತುತ್ತಿದ್ದೆ. ಅಲ್ಲಿ ನನ್ನ ಸೋದರಮಾವ ಇದ್ದ! ಮಳೆ ಪಕ್ಕದ ಗದ್ದೆಗೆ ಬಿದ್ದು ತನ್ನ ಗದ್ದೆಗೆ ಬೀಳದಿದ್ದರೆ ಅನ್ಯಾಯ. ಮನೆಗೆ ಬಂದ ನೆಂಟ ಎರಡೇ ಮುದ್ದೆಗೆ ಕೈ ತೊಳೆದರೂ ಅನ್ಯಾಯ. ಯಾರಿಗೆ ಅಂತೀರಿ? ಉಳಿದ ಮುದ್ದೆಗೆ.

ಒಮ್ಮೆ ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಉದ್ದಿನವಡೆಯನ್ನು ಕಣ್ಣಿಗೆ ಹಿಡಿದು, ತೂತಿನೊಳಗಿಂದ ಯಜಮಾನರನ್ನು ನೋಡಿ, "ಏನ್ ಸ್ವಾಮಿ, ಇಷ್ಟಗಲ ತೂತು! ಅನ್ಯಾಯ ಅಲ್ವಾ?" ಅಂದ.

"ತೂತ್ಗೆ ಕಾಸಿಲ್ಲ ಗೌಡ್ರೆ, ಅದ್ನ ಬುಟ್ಟು ತಿನ್ನಿ" ಅಂದರು ಅವರು. ಮಾವ ಇನ್ನೊಂದು ಪ್ಲೇಟು ತರಿಸಿಕೊಂಡ.

ಅವನ ಬಾಯಿ ಮುಚ್ಚಿಸುತ್ತಿದ್ದವಳು ಒಬ್ಬಳೇ, ಅವನ ತಂಗಿ, ನನ್ನಮ್ಮ. ಕರಿಘಟ್ಟದ ಗುಡಿಯ ಮೆಟ್ಟಿಲಲ್ಲಿ ಅವನು ಏದುಸಿರು ಬಿಡುತ್ತ, "ದೇವ್ರು ತಾನು ಮೇಲ್ ಕೂತ್ಕಂಡು ನಮ್ನ ಹತ್ತುಸ್ತಾನಲ್ಲ, ಅನ್ಯಾಯ ಕಣವ್ವ" ಅಂದರೆ, "ಅಂಗಾರೆ ನೀನಿಲ್ಲೇ ಕೂತ್ಕಳಣ್ಣ, ಇಳ್ದು ಬಾ ಅಂತ ದೇವ್ರಿಗೇ ಯೋಳ್ತೀನಿ" ಅಂದು ಅವಳು ಹತ್ತಿಯೇಬಿಡುತ್ತಿದ್ದಳು.

ಇಂಥವನ ಕೈಗೇ ಊರು ಕತ್ತಿ ಕೊಟ್ಟಿತ್ತು! ಯುಗಾದಿಯ ಮಾರನೇ ದಿನ ವರ್ಷತೊಡಕು. ಕೆಲವು ಮನೆಯವರು ಸೇರಿ ಒಂದು ಮೇಕೆ ತಂದು, ಬಾಡನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದು ನಮ್ಮ ಕಡೆ ರೂಢಿ. ಮಾವ ಗುಡ್ಡೆ ಹಾಕಲು ಕೂತರೆ ಲಿವರಿನ ಚೂರಿಗೂ ನ್ಯಾಯ ಸಿಗುತ್ತಿತ್ತು. ಹನ್ನೊಂದು ಮನೆ, ಹನ್ನೆರಡು ಗುಡ್ಡೆ. ಮಾವನದು ಎರಡು ಪಾಲು: ಒಂದು ತನ್ನ ಮನೆಗೆ, ಇನ್ನೊಂದು ಶ್ರೀರಂಗಪಟ್ಟಣದಲ್ಲಿದ್ದ ತಂಗಿಗೆ. ಅದನ್ನು ಕ್ಯಾರಿಯರಿಗೆ ತುಂಬಿಕೊಂಡು ತಾನೇ ಬಸ್ಸಿನಲ್ಲಿ ತರುತ್ತಿದ್ದ. ಅಮ್ಮ ಮುಚ್ಚಳ ತೆಗೆದು, "ಬರೀ ಮೂಳೆ, ಅನ್ಯಾಯ ಕಣಣ್ಣ" ಅನ್ನಬೇಕು, ಅವನು ಹಿಗ್ಗಬೇಕು. ವರ್ಷಾವರ್ಷ ಇದೇ.

ಐವತ್ತು ತುಂಬುವ ಮೊದಲೇ ಅಮ್ಮ ತೀರಿಕೊಂಡಳು. ಬಂದವರೆಲ್ಲ "ಅನ್ಯಾಯವಾಗಿ ಹೋದ್ಲಲ್ಲ" ಅಂದರು. ಮಾವ ಮಾತ್ರ ಆ ಪದ ಎತ್ತಲಿಲ್ಲ, ಅಳಲೂ ಇಲ್ಲ. ಅವನು ಒಂದು ಸಲ ಅಂದುಬಿಡಲಿ ಅಂತ ನನಗೆ ಆಸೆಯಾಗುತ್ತಿತ್ತು.

ಮುಂದಿನ ವರ್ಷತೊಡಕಿಗೆ ನಾನೇ ಕ್ಯಾತನಹಳ್ಳಿಗೆ ಹೋದೆ. ಈ ಸಲ ಮಾವ ದುಡ್ಡು ಕೊಟ್ಟಿದ್ದು ಒಂದೇ ಪಾಲಿಗೆ, ಹನ್ನೊಂದೇ ಗುಡ್ಡೆ ಆಗಬೇಕಿತ್ತು. ಎಲ್ಲರೂ ತಮ್ಮ ತಮ್ಮದು ಎತ್ತಿಕೊಂಡ ಮೇಲೆ ಬಾಳೆಲೆಯಲ್ಲಿ ಒಂದು ಗುಡ್ಡೆ ಉಳಿಯಿತು. ಮಾವನ ಕೈ ರೂಢಿಯಂತೆ ಹನ್ನೆರಡೇ ಹಾಕಿಬಿಟ್ಟಿತ್ತು.

ಮಾವನ ಮುಖ ಸಣ್ಣಗಾಯಿತು. "ಎಲ್ರೂ ವಾಪಸ್ ಸುರೀರಿ ಕಣ್ರಲಾ. ನಾನೇ ತಪ್ ಮಾಡ್ಬುಟ್ಟೆ. ನಿಮ್ಗೆಲ್ಲ ಅನ್ಯಾಯ ಆಯ್ತದೆ" ಅಂದ.

ಯಾರೂ ಸುರಿಯಲಿಲ್ಲ. ಪ್ರತಿ ವರ್ಷ ಒಂದು ಮೂಳೆಗಾಗಿ ಅವನ ಜೊತೆ ಜಗಳ ಕಾಯುತ್ತಿದ್ದ ಪಕ್ಕದ ಮನೆಯಾತ ಆ ಗುಡ್ಡೆಯನ್ನು ಎಲೆಸಮೇತ ಎತ್ತಿ ನನ್ನ ಕೈಯಲ್ಲಿಟ್ಟ. "ಆದ್ರೆ ಆಗ್ಲಿ ಬುಡಣ್ಣ. ತಕಂಡೋಗವ್ವ, ನಿಮ್ಮವ್ವಂದು."

ಮಾವ ಅದೇ ಹಳೇ ಕ್ಯಾರಿಯರಿಗೆ ತುಂಬಿಕೊಟ್ಟು ಬಸ್ಸಿನವರೆಗೂ ಬಂದ. ನಾನು ಹತ್ತಿ ಕೂತರೂ ಕಿಟಕಿ ಬಿಟ್ಟು ಕದಲಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತ. ಏನಕ್ಕೆ ಕಾಯುತ್ತಿದ್ದಾನೆಂದು ಆಗ ಹೊಳೆಯಿತು. ಮುಚ್ಚಳ ತೆಗೆದು ನೋಡಿ, "ಬರೀ ಮೂಳೆ, ಅನ್ಯಾಯ ಕಣ್ ಮಾವ" ಅಂದೆ.

ಮಾವ ಟವೆಲ್ಲು ಮುಖಕ್ಕೆ ಹಿಡಿದುಕೊಂಡು ಅತ್ತುಬಿಟ್ಟ.