ಪಾಡ್‌ಗೊಂದು ಗೃಹಪ್ರವೇಶ

ಚನ್ನಾಜಮ್ಮ: ಹಾಲುಕ್ಕಿಸ್ದೆ ನಾನು ಒಳಕ್ಕೆ ಕಾಲಿಡಕ್ಕಿಲ್ಲ ಅಂದ್ರೆ ಇಡಕ್ಕಿಲ್ಲ!

ಬೆಟ್ಟಸ್ವಾಮಿ: ಒಂದು ರಾತ್ರಿ ಮಲಗಾಕೆ ಗೃಹಪ್ರವೇಶವಾ? ಬೆಳಿಗ್ಗೆ ಐದಕ್ಕೆ ವಾಪಸ್ ಬಸ್ಸು ಕಣಮ್ಮಿ!

ಕುಮಟೆಯ ಬಳಿ, ಕಡಲಿಗೆ ಹತ್ತಿರದ ಕಾಡು. ಮರಗಳ ನಡುವೆ ಮರದಿಂದಲೇ ಕಟ್ಟಿದ ಎಂಟು ದುಂಡು ಕೋಣೆಗಳು. ಅವಕ್ಕೆ ಪಾಡ್ ಎಂದು ಹೆಸರು. ನಂಜನಗೂಡಿನ ಬಟ್ಟೆ ಅಂಗಡಿಯ ಲಕ್ಕಿ ಡ್ರಾದಲ್ಲಿ ಇಲ್ಲಿ ಒಂದು ರಾತ್ರಿ ತಂಗುವ ಬಹುಮಾನ ಗೆದ್ದ ಕವಲಂದೆಯ ಈ ದಂಪತಿ ಹೊಸ್ತಿಲ ಹೊರಗೇ ನಿಂತಿದ್ದರು. ಬೆಟ್ಟಸ್ವಾಮಿಗೆ ಐವತ್ತೆಂಟಾದರೂ ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ. ಅಲೆಯ ಸದ್ದು ಇಲ್ಲಿಗೇ ಕೇಳುತ್ತಿತ್ತು. ಅಲ್ಲಿಗೆ ಹೋಗುವ ದಾರಿಯ ಗೇಟು ಆರೂವರೆಗೆ ಮುಚ್ಚುತ್ತದೆ. ಈಗ ಐದೂಮುಕ್ಕಾಲು.

ಬೆಟ್ಟಸ್ವಾಮಿ ಅಲ್ಲಿನ ಮ್ಯಾನೇಜರ್ ಚಿಕ್ಕಸ್ವಾಮಿಯ ಕಡೆ ತಿರುಗಿದರು. ಅವನೂ ಇವರ ಕಡೆಯವನೇ, ಬನ್ನೂರಿನವನು.

ಬೆಟ್ಟಸ್ವಾಮಿ: ಎಲ್ಲಾ ನಿನ್ನಿಂದ್ಲೇ ಕಣ್ಲಾ. ನೀವೇ ಮೊದಲನೇ ಗೆಸ್ಟು ಅಂತ ಯಾಕ್ಲಾ ಬಾಯ್ಬಿಟ್ಟೆ?

ಚಿಕ್ಕಸ್ವಾಮಿ: ಖುಷಿಪಡ್ತೀರಿ ಅಂತ ಏಳ್ದೆ ಸಾ.

ಚನ್ನಾಜಮ್ಮ: ಬನ್ನೂರಲ್ಲಿ ಉಟ್ಟಿ, ಹಾಲುಕ್ಕಿಸ್ದಿರೋ ಮನೇಲಿ ಜನ ಮಲಗಿಸ್ತೀಯಲ್ಲಪ್ಪಾ! ನಿಮ್ಮವ್ವಂಗೆ ಗೊತ್ತಾ?

ಚಿಕ್ಕಸ್ವಾಮಿ: ಇದು ಮನೆಯಲ್ಲ ಅಮ್ಮಾ, ಪಾಡು.

ಚನ್ನಾಜಮ್ಮ: ಬಾಗ್ಲು ಅದಾ?

ಚಿಕ್ಕಸ್ವಾಮಿ: ಅದೆ.

ಚನ್ನಾಜಮ್ಮ: ಸೂರು ಅದಾ?

ಚಿಕ್ಕಸ್ವಾಮಿ: ಅದೆ.

ಚನ್ನಾಜಮ್ಮ: ಮತ್ತೆ ಮನೆಯಲ್ದೆ ಎತ್ತಿನ ಗಾಡಿಯಾ?

ಬೆಟ್ಟಸ್ವಾಮಿ: ರಾಗಿ ಕಣಜ ಇದ್ದಂಗದೆ ಕಣೆ. ಕಣಜಕ್ಕೆ ಯಾರಾರ ಹಾಲುಕ್ಕಿಸ್ತಾರಾ?

ಚನ್ನಾಜಮ್ಮ: ಕಣಜದೊಳಗೆ ಯಾರಾರ ಮಲಗ್ತಾರಾ?

ಚಿಕ್ಕಸ್ವಾಮಿ: ಇಲ್ಲಿ ಬೆಂಕಿ ಅಚ್ಚಂಗಿಲ್ಲ ಅಮ್ಮಾ, ನನ್ ಕೆಲ್ಸ ಓಯ್ತದೆ. ಕರೆಂಟಿನ ಕೆಟ್ಲು ಅದೆ. ಟೀಗೆ ಇಟ್ಟಿರೋ ಹಾಲಿನ ಪುಡೀನೂ ಅದೆ...

ಚನ್ನಾಜಮ್ಮ: ಪುಡಿಯಾ?

ಬೆಟ್ಟಸ್ವಾಮಿ: ಪುಡಿಗೂ ಹಸುವೇ ತಾಯಿ ಕಣೆ! ಒತ್ತು ಮುಳುಗ್ತಾ ಅದೆ!

ಕೊನೆಗೆ ನೀರಿಗೆ ಪುಡಿ ಕಲಸಿ, ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿ, ಪೂರ್ವಕ್ಕೆ ಮುಖಮಾಡಿ ಕೆಟಲ್ ಇಟ್ಟರು. ಹಾಲು ಗುಳುಗುಳು ಏರಿ ಅಂಚಿಗೆ ಬಂತು. ಟಕ್ ಎಂದು ಸ್ವಿಚ್ಚು ತಾನಾಗಿ ಆಫ್ ಆಯಿತು.

ಚನ್ನಾಜಮ್ಮ: ಅಯ್ಯೋ, ಅಪಶಕುನ!

ಚಿಕ್ಕಸ್ವಾಮಿ: ಉಕ್ಕಬಾರ್ದು ಅಂತ್ಲೇ ಅಂಗೆ ಮಾಡವ್ರೆ ಅಮ್ಮಾ.

ಚನ್ನಾಜಮ್ಮ: ಎಂಥಾ ಜಿಪುಣನಪ್ಪಾ ಮಾಡ್ದೋನು!

ಬೆಟ್ಟಸ್ವಾಮಿ ಸ್ವಿಚ್ಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಹಾಲು ಉಕ್ಕಿ ಹೊಸ ಪಾಲಿಶಿನ ಮೇಲೆಲ್ಲ ಹರಿಯಿತು. ಚನ್ನಾಜಮ್ಮ ಕೈಮುಗಿದರು. ಚಿಕ್ಕಸ್ವಾಮಿ ಬಟ್ಟೆ ತರಲು ಓಡಿದ. ದಂಪತಿ ಬಲಗಾಲಿಟ್ಟು ಒಳಗೆ ಹೋಗಿ, ಬ್ಯಾಗು ಇಟ್ಟು ಹೊರಬಂದರು.

ಬೆಟ್ಟಸ್ವಾಮಿ: ಆರು ಗಂಟೆ! ಬೀಗ ಆಕು, ನಡಿ.

ಚನ್ನಾಜಮ್ಮ: ಹಾಲುಕ್ಕಿಸಿದ್ ದಿವ್ಸವೇ ಮನೆಗೆ ಬೀಗವಾ? ಒಳಗೆ ಯಾರಾರ ಇರ್ಲೇಬೇಕು.

ಬೆಟ್ಟಸ್ವಾಮಿ ದೊಪ್ಪನೆ ಮೆಟ್ಟಿಲ ಮೇಲೆ ಕುಳಿತರು.

ಬೆಟ್ಟಸ್ವಾಮಿ: ಅಂಗಾರೆ ನೀನೇ ಓಗಿ ನೋಡ್ಕಂಡು ಬಾ. ಎಂಗಿತ್ತು ಅಂತ ನಂಗೆ ಏಳು.

ಚನ್ನಾಜಮ್ಮ ಗಂಡನ ಮುಖ ನೋಡಿದರು. ಆಮೇಲೆ, ಬಗ್ಗಿ ಜಗಲಿ ಒರೆಸುತ್ತಿದ್ದ ಮ್ಯಾನೇಜರನ್ನು ನೋಡಿದರು.

ಚನ್ನಾಜಮ್ಮ: ಚಿಕ್ಕಸ್ವಾಮಿ, ಕೈ ತೊಳ್ಕಂಡು ಒಳಗೆ ಕೂತ್ಕೋ. ಲೈಟು ಆರಿಸ್ಬೇಡ.

ಚಿಕ್ಕಸ್ವಾಮಿ: ಅಮ್ಮಾ, ನಾನು ಮ್ಯಾನೇಜರು! ಈಗ ನಮ್ಮ ಓನರು ಬತ್ತಾರೆ!

ಚನ್ನಾಜಮ್ಮ: ಬರ್ಲಿ. ಮನೆಯೋರು ಸಮುದ್ರ ನೋಡಾಕೆ ಓಗವ್ರೆ, ಆಮೇಲೆ ಬನ್ನಿ ಅನ್ನು.