ಚಂದ್ರ ಮಾರ್ಕಾ ಚೀಲ

ಪೋಸ್ಟರು, ಲೇಬಲ್ಲು, ಚೀಲದ ಮಾರ್ಕು, ಇವುಗಳಲ್ಲಿ ತಪ್ಪು ಹುಡುಕುವುದರಲ್ಲಿ ಬಳ್ಳಾರಿಯಲ್ಲಿ ನನಗೆ ಸರಿಸಾಟಿ ಇಲ್ಲವೆಂದು ಎಪ್ಪತ್ತರ ದಶಕದಲ್ಲಿ ನಂಬಿದ್ದೆ. ಬೇರೆ ಯಾರೂ ಆ ಕೆಲಸ ಮಾಡುತ್ತಿರಲಿಲ್ಲ ಎಂಬುದು ಹೊಳೆದಿರಲಿಲ್ಲ.

ಚಿತ್ರಕಲಾ ಶಾಲೆಯೊಂದರಲ್ಲಿ ಜಾಹೀರಾತು ಕಲೆ ಕಲಿಸುತ್ತಿದ್ದೆ. ಪ್ರತಿ ಶನಿವಾರ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಗೋಡೆಗೆ ಅಂಟಿಸಬೇಕು, ನಾನು ವಿಮರ್ಶಿಸಬೇಕು. ನನ್ನದೊಂದು ಕಟ್ಟುನಿಟ್ಟಿನ ನಿಯಮ: ಗೋಡೆಯ ಮೇಲೆ ಯಾರ ಕೆಲಸವಿದೆಯೋ ಅವರು ಬಾಯಿ ಬಿಡಬಾರದು. ಬಿಟ್ಟರೆ ವಾದ ಶುರುವಾಗುತ್ತದೆ, ನನಗೆ ಊಟ ತಡವಾಗುತ್ತದೆ.

ಆ ಶನಿವಾರ ಹದಿನೆಂಟು ಹಾಳೆ. ಹದಿನೇಳರಲ್ಲಿ ಸೂರ್ಯ ಹುಟ್ಟುತ್ತಿದ್ದ. ನೋಡಿ ನೋಡಿ ಸಾಕಾಗಿ ಹೋಯಿತು. ಕೊನೆಯದು ಕುರುಗೋಡಿನ ನಾಗರತ್ನಳದು: ಸಿರುಗುಪ್ಪದ ಅಕ್ಕಿ ಗಿರಣಿಯೊಂದಕ್ಕೆ ‘ಚಂದ್ರ’ ಮಾರ್ಕಿನ ಚೀಲದ ಬರಹ. ಗಿರಣಿಯವರು ಒಪ್ಪಿದರೆ ಕ್ಲಾಸು, ಇಲ್ಲದಿದ್ದರೆ ಮನೆ ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದರು. ಒಳ್ಳೆಯ ಕೈ ಇದ್ದ ಹುಡುಗಿ. ಅವಳನ್ನು ಉಳಿಸಿಕೊಳ್ಳಲೇಬೇಕೆಂದು ಪಣ ತೊಟ್ಟೆ. ತೊಂದರೆ ಶುರುವಾದದ್ದೇ ಅಲ್ಲಿ.

ಅಕ್ಷರಗಳು ದುಂಡಗಿದ್ದವು. ಆದರೆ ಪ್ರತಿಯೊಂದು ಸುತ್ತೂ ಎರಡು ಕಡೆ ತುಂಡಾಗಿತ್ತು.

“ಏನವ್ವಾ, ಅಕ್ಷರಕ್ಕ ಇಲಿ ಕಡದೈತೇನು? ಎಲ್ಲಾ ಕೂಡಿಸು.”

“ಸಾರ್, ಅದು ಯಾಕಂದ್ರ...”

“ಗ್ವಾಡಿ ಮ್ಯಾಲೆ ಕೆಲಸ ಇದ್ದೋರು ಮಾತಾಡಂಗಿಲ್ಲ.”

ಅವಳು ಬೇರೆ ಹಾಳೆ ತೆಗೆದುಕೊಂಡು, ಕೂಡಿಸಿ ಬರೆದುಕೊಟ್ಟಳು.

ಸೋಮವಾರ ನಾನೇ ಖುದ್ದಾಗಿ ತಗಡಿನ ಕೆಲಸದ ಗೌಸ್ ಸಾಬರ ಅಂಗಡಿಗೆ ಹೋದೆ. ತಗಡಿನಲ್ಲಿ ಅಕ್ಷರದ ಆಕಾರ ಕೊಯ್ದು, ಅದನ್ನು ಚೀಲದ ಮೇಲಿಟ್ಟು ಮಸಿ ಬಳಿದರೆ ಬರಹ ಮೂಡುತ್ತದೆ. ಸಾಬರು ಹಾಳೆ ನೋಡಿ ಬೀಡಿ ಕೆಳಗಿಟ್ಟರು.

“ಸಾರ್, ಹಿಂಗ ಕೊಯ್ದ್ರ ನಡುವಿನ ತುಂಡು ಉದುರಿ ಬೀಳ್ತಾವ್ರಿ. ಅವನ್ನ ಹಿಡಿಯಾಕ ಏನೂ ಇಲ್ಲ.”

“ನೀವು ಕತ್ತರಿ ನೋಡ್ಕಳ್ರಿ, ಕಲೆ ನಾ ನೋಡ್ಕಂತೀನಿ.”

ಕೊಯ್ದರು. ಮೂರು ತುಂಡು ಟಣ್ಣೆಂದು ಉದುರಿದವು. ಅವನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡೆ. ಆಗಲೂ ಬುದ್ಧಿ ಬರಲಿಲ್ಲ.

ಸಿರುಗುಪ್ಪದ ಗಿರಣಿಯಲ್ಲಿ ಮಾಲೀಕರಾದ ವೀರಭದ್ರಪ್ಪನವರು, ನಾಗರತ್ನ, ಅವಳ ಅಪ್ಪ ಎಲ್ಲರೂ ಚೀಲದ ಸುತ್ತ ನಿಂತರು. ನಾನು ತುಂಡುಗಳನ್ನು ಆಯಾ ಸ್ಥಾನದಲ್ಲಿ ಪ್ರತಿಷ್ಠಾಪಿಸಿ, ಮೂರು ಬೆರಳಿನಿಂದ ಒತ್ತಿ ಹಿಡಿದೆ. ಆಳು ಮಸಿ ಬಳಿಯತೊಡಗಿದ. ಬ್ರಷ್ಷು ಮೊದಲು ತುಂಡುಗಳನ್ನು ಸರಿಸಿತು, ಆಮೇಲೆ ನನ್ನ ಬೆರಳುಗಳನ್ನು. ಅಂಗಿಯ ತೋಳನ್ನೂ ಬಿಡಲಿಲ್ಲ. ತಗಡು ಎತ್ತಿದರೆ ಚೀಲದ ಮೇಲೆ ಮೂರು ಕರಿ ಉಂಡೆ, ಪಕ್ಕದಲ್ಲಿ ನನ್ನ ಬೆರಳಚ್ಚು!

ವೀರಭದ್ರಪ್ಪನವರು ಬಗ್ಗಿ ಚೀಲ ನೋಡಿದರು. “ಮೇಷ್ಟ್ರೇ, ಚಂದ್ರನ್ನ ಬರೀರಿ ಅಂದ್ರ ಗ್ರಹಣ ಹಿಡಿಸೀರಲ್ಲ. ಗ್ರಹಣದ ಅಕ್ಕಿ ಯಾರು ಒಯ್ತಾರ್ರಿ?”

“ನಡಿಯವ್ವಾ, ಮನಿಗೆ ಹೋಗೂನು,” ಎಂದರು ಅವಳ ಅಪ್ಪ.

ಹುಡುಗಿಯ ಕಣ್ಣು ತುಂಬಿತು. ನನಗೆ ನಾಚಿಕೆಯಾಯಿತು, ನಿಜವಾಗಿ. “ತಪ್ಪು ಆಕಿದಲ್ಲ, ನಂದು. ಆಕಿ ಬರದದ್ದು ಬ್ಯಾರೆ ಇತ್ತು,” ಎಂದೆ. ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಆ ಮಾತು ಹೇಳಿದ್ದು ಅದೇ ಮೊದಲು.

ನಾಗರತ್ನ ಬ್ಯಾಗಿನಿಂದ ಇಲಿ ಕಡಿದ ಹಾಳೆ ತೆಗೆದಳು. “ಈ ಬಿಟ್ಟ ಜಾಗದಾಗ ತಗಡು ಉಳೀತೈತ್ರಿ. ಅದು ನಡುವಿನ ತುಂಡು ಹಿಡಕಂತೈತಿ.” ಮಾಲೀಕರು ತಲೆಯಾಡಿಸಿದರು. ಮರುದಿನ ಸಾಬರು ಕೊಯ್ದರು. ಏನೂ ಉದುರಲಿಲ್ಲ. ಚೀಲದ ಮೇಲೆ ಚಂದ್ರ ಮೂಡಿದ, ಶನಿವಾರ ಅವಳನ್ನು ಅಪ್ಪನೇ ಬಸ್ಸು ಹತ್ತಿಸಿದರು.

ನನ್ನ ಹೆಂಡತಿ ಅಂಗಿಯನ್ನು ಮೂರು ಸಲ ಒಗೆದು ಕೈಚೆಲ್ಲಿದಳು. “ಹೋಗಂಗಿಲ್ರಿ ಇದು. ಹಾಕ್ಕಂಡೇ ಪಾಠ ಮಾಡ್ರಿ.”

ಹಾಕಿಕೊಂಡೇ ಹೋದೆ. ಗೋಡೆಯ ಮೇಲೆ ಹದಿನೆಂಟು ಹಾಳೆ, ಹತ್ತೊಂಬತ್ತನೆಯದು ಆ ಗ್ರಹಣದ ಚೀಲ. ಹುಡುಗರು ಗಂಭೀರವಾಗಿ ವಿಮರ್ಶೆ ನಡೆಸಿದ್ದರು.

“ಕಪ್ಪು ಭಾಳ ಜಾಸ್ತಿ ಆತ್ರಿ.”

“ಬೆರಳು ಮಾತ್ರ ಚಂದ ಬಂದಾವು.”

“ಅದು ಏನಾತಂದ್ರ...” ಎಂದು ನಾನು ಶುರುಮಾಡಿದೆ.

ನಾಗರತ್ನ ತಲೆ ತಗ್ಗಿಸಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದಳು: “ಸಾರ್, ಗ್ವಾಡಿ ಮ್ಯಾಲೆ ಕೆಲಸ ಇದ್ದೋರು ಮಾತಾಡಂಗಿಲ್ರಿ.”

ಕೂತೆ. ಅಂದು ಊಟಕ್ಕೆ ಬಹಳ ತಡವಾಯಿತು.